ಒಬ್ಬನದೋ, ಎಲ್ಲರದೋ?

ಇಂಗ್ಲಿಷ್ ಬರಹದಲ್ಲಿ ಅಕ್ಷರಗಳ ನೆತ್ತಿಯ ಮಟ್ಟದಲ್ಲಿ ಅಲ್ಪವಿರಾಮದಂತೆ ತೂಗುವ ‘ಅಪಾಸ್ಟ್ರಫಿ’ ಎಂಬ ಚಿಹ್ನೆಯುಂಟಷ್ಟೆ. ನೋಡಲು ಸಾಸಿವೆಯಷ್ಟು, ಆದರೆ ಸ್ವತ್ತು ಒಬ್ಬನದೋ ಹಲವರದೋ ಎಂದು ನಿರ್ಣಯಿಸುವ ಅಧಿಕಾರ ಅದಕ್ಕಿರುವದು. ‘ಬ್ರದರ್ಸ್’ ಎಂಬ ಶಬ್ದದಲ್ಲಿ ಅದನ್ನು ಕೊನೆಯ ‘ಎಸ್’ ಅಕ್ಷರದ ಮುಂಚೆ ಇಟ್ಟರೆ ‘ಅಣ್ಣನ’ ಎಂದರ್ಥ. ಅನಂತರ ಇಟ್ಟರೆ ‘ಅಣ್ಣಂದಿರ’. ಇಡದೆ ಬಿಟ್ಟರೆ ಬರಿಯ ‘ಅಣ್ಣಂದಿರು’. ಬಾಯಲ್ಲಿ ಮೂರಕ್ಕೂ ಒಂದೇ ಉಚ್ಚಾರ! ಹೇಳಿ ಬರೆಯಿಸುವವನಿಗೂ ಬರೆದುಕೊಳ್ಳುವವನಿಗೂ ನಡುವೆ ಇಂಥ ಭೇದವು ಕಳೆದುಹೋದರೆ ಆಶ್ಚರ್ಯವೇನು?

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ 2021ರಲ್ಲಿ ಈ ಚಿಹ್ನೆ ನ್ಯಾಯಾಲಯದ ಮೆಟ್ಟಿಲೇರಿತು. ತನ್ನ ಹಳೆಯ ಧಣಿ ನೌಕರರ ನಿವೃತ್ತಿ ನಿಧಿಗೆ ಹಣ ಕಟ್ಟಲಿಲ್ಲವೆಂದು ಒಬ್ಬನು ಫೇಸ್‌ಬುಕ್ಕಿನಲ್ಲಿ ಬರೆದನು; ಚಿಹ್ನೆಯನ್ನು ಬಿಟ್ಟನು. ತಾನು ಹೇಳಿದ್ದು ಒಬ್ಬ ನೌಕರನ, ಅಂದರೆ ತನ್ನ, ಮಾತನ್ನೆಂದು ವಾದಿಸಿದನು. ಬರೆದಂತೆ ಓದಿದರೆ ಹಲವು ನೌಕರರಿಗೆ ಅನ್ಯಾಯವಾದಂತೆ ತಿಳಿಯಬಹುದೆಂದು ನ್ಯಾಯಾಧೀಶರು ಮಾನಹಾನಿಯ ದಾವೆಯನ್ನು ತಳ್ಳಿಹಾಕಲು ಒಪ್ಪಲಿಲ್ಲ.

ಅಷ್ಟು ದೂರ ಹೋಗಬೇಕಾಗಿಲ್ಲ. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. 1999ರ ಕಾಯಿದೆಯ ಮೇರೆಗೆ ಇಂಥ ಹೆಸರು ಯಾವನೊಬ್ಬನ ಸೊತ್ತೂ ಅಲ್ಲ. ಉತ್ಪಾದಕರ ಪರವಾಗಿ ಸಂಘವೋ ಸಂಸ್ಥೆಯೋ ಅದನ್ನು ನೋಂದಾಯಿಸಬೇಕು, ಪರಭಾರೆ ಮಾಡಲೂ ಬಾರದು. ಹಕ್ಕು ‘ಬೆಳೆಗಾರನ’ದಲ್ಲ, ‘ಬೆಳೆಗಾರರ’ದು. ಕನ್ನಡದಲ್ಲಿ ಈ ಅಂತರ ಕಿವಿಗೇ ಬಡಿಯುವದು. ಇಂಗ್ಲಿಷಿನಲ್ಲಿ ಚಿಹ್ನೆಯು ‘ಎಸ್’ನ ಯಾವ ಮಗ್ಗುಲಿಗೆ ನಿಂತಿದೆಯೆಂದು ಕಣ್ಣಿಟ್ಟು ನೋಡಬೇಕು. ತೋಟದಿಂದ ಬಂದ ರೈತನಿಗೆ ಅದನ್ನು ತೋರಿಸಿ ತಿಳಿಸುವವರಾರು?

ನಮ್ಮಲ್ಲಿ ತೊಡಕೇ ಇಲ್ಲವೆಂದಲ್ಲ. ‘ಪಾಟೀಲರ ತೋಟ’ ಎಂದರೆ ಮರ್ಯಾದೆಗೆ ಬಹುವಚನ ಪಡೆದ ಒಬ್ಬರ ತೋಟವೂ ಆದೀತು, ಮನೆತನದ ತೋಟವೂ ಆದೀತು. ಆದರೆ ಆ ಸಂದೇಹ ಕೇಳಿದವನಿಗೆ ಕೂಡಲೆ ಹೊಳೆಯುವದು. ಅವನು ಅಲ್ಲಿಯೇ ಪ್ರಶ್ನಿಸುವನು. ಇನ್ನು ಗೀಟಿನ ಮಹಿಮೆ ಈ ನಗರಕ್ಕೆ ಹೊಸದೂ ಅಲ್ಲ. 2014ರ ನವೆಂಬರ್ 1ರವರೆಗೆ ಸರಕಾರಿ ಬರಹದಲ್ಲಿದ್ದ ‘ಗುಲ್ಬರ್ಗಾ’ದ ಮೊದಲಕ್ಷರವನ್ನೂ ಕಲಬುರಗಿಯ ಮೊದಲಕ್ಷರವನ್ನೂ ಉರ್ದು ಲಿಪಿಯಲ್ಲಿ ಬೇರ್ಪಡಿಸುವದು ಒಂದೇ ಒಂದು ಗೀಟು.

ಶಬ್ದಪ್ರಯೋಗದ ಗುಣದೋಷಗಳನ್ನು 9ನೆಯ ಶತಮಾನದಲ್ಲಿಯೇ ವಿಚಾರಿಸಿದ ಕವಿರಾಜಮಾರ್ಗವು ನೃಪತುಂಗನ ಆಸ್ಥಾನದ ಕೃತಿ. ಅವನ ರಾಜಧಾನಿ ಮಾನ್ಯಖೇಟವು ಇದೇ ಜಿಲ್ಲೆಯ ಮಳಖೇಡ. ಅಂಥ ನೆಲದ ಕಚೇರಿಗಳಲ್ಲಿ, 1963ರ ಅಧಿಕೃತ ಭಾಷಾ ಕಾಯಿದೆಯಾಗಿ ಇಷ್ಟು ಕಾಲವಾದ ಮೇಲೆಯೂ, ಹಕ್ಕಿನ ಕಾಗದಗಳನ್ನು ಮೊದಲು ಇಂಗ್ಲಿಷಿನಲ್ಲಿ ಸಿದ್ಧಪಡಿಸಿ ಆಮೇಲೆ ಕನ್ನಡಿಸುವದು ತಲೆಕೆಳಗಾದ ಕ್ರಮ. ಭಾಷಾಂತರಕಾರನು ‘ರೈತನ’ ಎಂದು ಬರೆದರೆ ರೈತರು ಕೇಳುವದು ಅದನ್ನೇ. ಹಲವರ ಹಕ್ಕನ್ನು ಹೇಳುವ ಪ್ರತಿಯೊಂದು ಪತ್ರವೂ ಮೊದಲು ಕನ್ನಡದಲ್ಲಿ ಹುಟ್ಟಲಿ. ಸಹಿಗೆ ಮುಂಚೆ ಅದನ್ನು ಸಂಬಂಧಪಟ್ಟವರ ಎದುರಿಗೆ ಗಟ್ಟಿಯಾಗಿ ಓದಲಿ. ಇಂಗ್ಲಿಷ್ ಪ್ರತಿ ಬೇಕಾದವರು ಅನಂತರ ಮಾಡಿಕೊಳ್ಳಲಿ, ಚಿಹ್ನೆಯನ್ನು ಎಲ್ಲಿಡಬೇಕೆಂದು ಕನ್ನಡ ಪ್ರತಿಯನ್ನು ನೋಡಿ.