ಅಕಾಲದ ಬಿಸಿಲೂ ಗ್ರಾಮದ ಕರ್ತವ್ಯವೂ

ಶಿವರಾತ್ರಿಗೆ ಚಳಿಯು ‘ಶಿವ ಶಿವಾ’ ಎಂದು ಹೊರಟುಹೋಗುವುದೆಂಬ ಮಾತು ನಮ್ಮ ನಾಡಿನ ಹಳ್ಳಿಹಳ್ಳಿಗಳಲ್ಲಿಯೂ ಬಳಕೆಯಲ್ಲಿದೆ. ಚಳಿ ಹೋದ ಮೇಲೆ ಬಿಸಿಲು ಮೆಲ್ಲಮೆಲ್ಲನೆ ಏರಿ, ಯುಗಾದಿಯ ತರುವಾಯ ಬೇಸಗೆಯು ಬಲಿತು, ಅಶ್ವಿನಿ ಭರಣಿ ಮಳೆಗಳು ಬಿದ್ದು ನೆಲ ತಣಿಯುವುದು ವಾಡಿಕೆಯ ಕ್ರಮ. ಬಿತ್ತನೆ, ಕೊಯ್ಲು, ಒಕ್ಕಣೆ, ದನಗಳ ಮೇವು, ಆಳುಗಳ ಕೆಲಸ ಇವೆಲ್ಲದರ ಲೆಕ್ಕವೂ ಈ ಕ್ರಮವನ್ನೇ ನಂಬಿಕೊಂಡಿರುವುದು. ಈಚಿನ ವರ್ಷಗಳಲ್ಲಿ ಈ ಕ್ರಮವು ಪದೇ ಪದೇ ತಪ್ಪುತ್ತಿರುವುದನ್ನು ಓದುಗರು ಸ್ವತಃ ಕಂಡಿರುವರು. ಬಿಸಿಲು ಹೆಚ್ಚಾಗಿರುವುದು ಒಂದು ಸಂಗತಿ. ಅದು ಬರಬಾರದ ತಿಂಗಳಲ್ಲಿ ಬರುತ್ತಿರುವುದು ಮತ್ತೊಂದು ಸಂಗತಿ. ಈ ಎರಡನೆಯದು ಮೊದಲನೆಯದಕ್ಕಿಂತಲೂ ಹೆಚ್ಚು ಹಾನಿಕರವೆಂಬುದನ್ನೂ, ಅದರಿಂದಾಗುವ ಹಾನಿಯಲ್ಲಿ ಬಹುಭಾಗವನ್ನು ತಪ್ಪಿಸುವ ಶಕ್ತಿಯು ಗ್ರಾಮದ ಮುಖಂಡರ ಮತ್ತು ಜಮೀನುದಾರರ ಕೈಯಲ್ಲಿಯೇ ಇರುವುದೆಂಬುದನ್ನೂ ತಿಳಿಸುವುದೇ ಈ ಲೇಖನದ ಉದ್ದೇಶ.

ಅಂಕಿಗಳು ತಿಳಿಸುವ ಸಂಗತಿ

ನಮ್ಮ ದೇಶದ ಉಷ್ಣತೆಯ ಲೆಕ್ಕವನ್ನು ಹವಾಮಾನ ಇಲಾಖೆಯವರು ೧೯೦೧ನೆಯ ಇಸವಿಯಿಂದ ಕ್ರಮವಾಗಿ ಇಟ್ಟುಕೊಂಡು ಬಂದಿರುವರು. ಆ ಲೆಕ್ಕದ ಪ್ರಕಾರ ೨೦೨೨ನೆಯ ಮಾರ್ಚಿಗಿಂತ ಹೆಚ್ಚು ಬಿಸಿಯಾದ ಮಾರ್ಚ್ ತಿಂಗಳು ಅದುವರೆಗೆ ಬಂದಿರಲಿಲ್ಲ. ಆ ತಿಂಗಳು ದೇಶದ ಹಗಲಿನ ಗರಿಷ್ಠ ಉಷ್ಣತೆಯ ಸರಾಸರಿಯು ೩೩.೧ ಡಿಗ್ರಿ ಸೆಲ್ಸಿಯಸ್ ಇತ್ತು. ಮರುವರ್ಷ, ೨೦೨೩ರಲ್ಲಿ, ಫೆಬ್ರವರಿ ತಿಂಗಳೇ ಹಿಂದಿನ ಫೆಬ್ರವರಿಗಳೆಲ್ಲವನ್ನೂ ಮೀರಿಸಿತು. ಅದೇ ವರ್ಷ ನಮ್ಮ ರಾಜ್ಯದ ೨೨೩ ತಾಲ್ಲೂಕುಗಳಲ್ಲಿ ಬರಗಾಲವೆಂದು ಘೋಷಿಸಬೇಕಾಯಿತು. ೨೦೨೪ನೆಯ ಇಸವಿಯು, ವರ್ಷವಿಡೀ ಲೆಕ್ಕ ಹಾಕಿದರೆ, ೧೯೦೧ರಿಂದೀಚೆಗೆ ದೇಶದಲ್ಲಿ ಅತ್ಯಂತ ಬಿಸಿಯಾದ ವರ್ಷವೆಂದು ದಾಖಲಾಯಿತು. ತಂಪಿಗೆ ಹೆಸರಾಗಿದ್ದ ಬೆಂಗಳೂರಿನಲ್ಲಿಯೂ ೨೦೧೬ನೆಯ ಏಪ್ರಿಲ್ ತಿಂಗಳಲ್ಲಿ ಉಷ್ಣತೆಯು ೩೯.೨ ಡಿಗ್ರಿಗೆ ಏರಿತ್ತು.

೧೯೦೧ರಿಂದ ೨೦೧೮ರವರೆಗೆ ನಮ್ಮ ದೇಶದ ಸರಾಸರಿ ಉಷ್ಣತೆಯು ಸುಮಾರು ೦.೭ ಡಿಗ್ರಿಯಷ್ಟು ಏರಿರುವುದು. ಕಲ್ಲಿದ್ದಲು, ಎಣ್ಣೆ ಮೊದಲಾದ ಇಂಧನಗಳನ್ನು ಸುಡುವುದರಿಂದ ಹೊರಡುವ ಅನಿಲಗಳು ವಾಯುಮಂಡಲದಲ್ಲಿ ಶೇಖರವಾಗಿ, ಭೂಮಿಯ ಶಾಖವನ್ನು ಕಂಬಳಿಯಂತೆ ಹಿಡಿದಿಡುವುದೇ ಇದರ ಮುಖ್ಯ ಕಾರಣ. ಮುಕ್ಕಾಲು ಡಿಗ್ರಿಗಿಂತ ಕಡಮೆಯಾದ ಈ ಏರಿಕೆಯು ಅಲ್ಪವೆಂದು ಕೆಲವರು ಎಣಿಸಬಹುದು. ಆದರೆ ಇದು ಹಗಲಿರುಳು, ಚಳಿ ಮಳೆ ಬೇಸಗೆಗಳೆಲ್ಲವನ್ನೂ ಕೂಡಿಸಿ ಭಾಗಿಸಿದ ಸರಾಸರಿ. ಕೆರೆಯ ನೀರು ಒಂದು ಗೇಣು ಏರಿದರೆ ದಡದಲ್ಲಿ ನಿಂತವನಿಗೆ ಅದು ಹೆಚ್ಚೆಂದು ತೋರದು. ಆದರೆ ಕೋಡಿಯ ಮೇಲೆ ಹರಿಯುವ ದಿನಗಳು ಎಷ್ಟೋ ಪಾಲು ಹೆಚ್ಚುವುವು. ಸರಾಸರಿಯ ಸಣ್ಣ ಏರಿಕೆಯಿಂದ ವಿಪರೀತ ಬಿಸಿಲಿನ ದಿನಗಳು ಹೆಚ್ಚುವುದೂ ಹೀಗೆಯೇ.

ಪತ್ರಿಕೆಗಳಲ್ಲಿ ಪ್ರಕಟವಾಗುವ ಉಷ್ಣತೆಯು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಇಟ್ಟ ಉಷ್ಣಮಾಪಕದ್ದೆಂಬುದನ್ನೂ ನೆನಪಿನಲ್ಲಿಡತಕ್ಕದ್ದು. ಬಯಲಿನಲ್ಲಿ ಬಗ್ಗಿ ಕಳೆ ಕೀಳುವವರ ಬೆನ್ನಿಗೆ ತಾಗುವ ಶಾಖವು ಅದಕ್ಕಿಂತ ಬಹಳ ಹೆಚ್ಚಾಗಿರುವುದು.

ಹಿಂದಿನವರು ಗೇಯಲಿಲ್ಲವೆ?

“ನಮ್ಮ ತಾತಂದಿರು ಇದೇ ಬಿಸಿಲಿನಲ್ಲಿ ಗೇಯ್ದು ಬಾಳಲಿಲ್ಲವೆ?” ಎಂದು ಗ್ರಾಮಗಳಲ್ಲಿ ಹಲವರು ನಮ್ಮನ್ನು ಕೇಳುವರು. ಈ ಪ್ರಶ್ನೆಗೆ ಉತ್ತರ ಹೇಳುವುದು ಆವಶ್ಯಕ. ಮನುಷ್ಯನ ದೇಹವು ಬಿಸಿಲಿಗೆ ಒಗ್ಗಬಲ್ಲದೆಂಬುದು ನಿಜ. ಆದರೆ ಹಾಗೆ ಒಗ್ಗಲು ಒಂದರಿಂದ ಎರಡು ವಾರಗಳ ಕಾಲ ಬೇಕು. ಬಿಸಿಲು ಕ್ರಮವಾಗಿ ಏರಿದರೆ ಬೆವರುವ ಶಕ್ತಿಯೂ ಕ್ರಮವಾಗಿ ಹೆಚ್ಚುವುದು. ಮಾಘ ಮಾಸದ ಚಳಿಯಿಂದ ನಾಲ್ಕೇ ದಿನಗಳಲ್ಲಿ ವೈಶಾಖದ ಬಿಸಿಲಿಗೆ ಬಿದ್ದ ದೇಹಕ್ಕೆ ಆ ಅವಕಾಶವಿರುವುದಿಲ್ಲ. ಆದುದರಿಂದ ಬಿಸಿಲಿನ ಮೊದಲ ದಿನಗಳೇ ಅತ್ಯಂತ ಅಪಾಯದ ದಿನಗಳು.

ಮತ್ತೊಂದು ಮಾತು. ಹಿಂದಿನವರು ಬೇಸಗೆಯಲ್ಲಿ ಕೋಳಿ ಕೂಗುವ ಹೊತ್ತಿಗೆ ನೇಗಿಲು ಹೂಡಿ, ಬಿಸಿಲೇರುವ ಮುನ್ನ ಕೊರಳು ಬಿಡುತ್ತಿದ್ದರು. ಎತ್ತು ಬಳಲುವುದೆಂಬ ಭಯದಿಂದಲಾದರೂ ಮನುಷ್ಯನಿಗೆ ವಿಶ್ರಾಂತಿ ದೊರೆಯುತ್ತಿತ್ತು. ಈಗ ಟ್ರ್ಯಾಕ್ಟರು ಮಧ್ಯಾಹ್ನವೆಂದು ನಿಲ್ಲುವುದಿಲ್ಲ; ಅದರ ಹಿಂದೆ ಹೋಗುವ ಕೂಲಿಕಾರರೂ ನಿಲ್ಲುವಂತಿಲ್ಲ. ಇದಲ್ಲದೆ ರಾತ್ರಿಗಳೂ ಹಿಂದಿನಷ್ಟು ತಂಪಾಗುತ್ತಿಲ್ಲ. ತಗಡಿನ ಮಾಡಿನ ಕೆಳಗೆ ಬೆವರುತ್ತ ರಾತ್ರಿ ಕಳೆದವನ ದೇಹವು ಮರುದಿನದ ಬಿಸಿಲನ್ನು ಎದುರಿಸಲು ಸಿದ್ಧವಾಗಿರುವುದಿಲ್ಲ.

ದುಡಿಯುವವರ ಆರೋಗ್ಯ

ಒಳಗಿನ ಶಾಖವು ಸುಮಾರು ೩೭ ಡಿಗ್ರಿಯಲ್ಲಿದ್ದರೆ ಮಾತ್ರ ದೇಹದ ಕೆಲಸಗಳು ಸುಸೂತ್ರವಾಗಿ ನಡೆಯುವುವು. ಹೊರಗಿನ ಗಾಳಿಯು ದೇಹಕ್ಕಿಂತ ಬಿಸಿಯಾದಾಗ, ಬೆವರು ಆರುವುದೊಂದೇ ಶಾಖವನ್ನು ಹೊರಹಾಕುವ ಮಾರ್ಗ. ಕುಡಿದ ನೀರು ಸಾಲದಿದ್ದರೆ ಅಥವಾ ಗಾಳಿಯಲ್ಲಿ ತೇವವು ಹೆಚ್ಚಾಗಿ ಬೆವರು ಆರದಿದ್ದರೆ ಆ ಮಾರ್ಗವೂ ಮುಚ್ಚುವುದು. ಕರಾವಳಿಯಲ್ಲಿ ೩೭ ಡಿಗ್ರಿಯ ಬಿಸಿಯೂ ಅಪಾಯಕರವಾಗುವುದು ಇದರಿಂದಲೇ.

ಮೊದಲು ತಲೆನೋವು, ಸುಸ್ತು, ಕಾಲು ಸೆಳೆತ, ವಾಕರಿಕೆಗಳು ಕಾಣುವುವು. ಈ ಹಂತದಲ್ಲಿ ನೆರಳು, ನೀರು, ವಿಶ್ರಾಂತಿಗಳು ದೊರೆತರೆ ಮನುಷ್ಯನು ಚೇತರಿಸಿಕೊಳ್ಳುವನು. ದೇಹದ ಶಾಖವು ೪೦ ಡಿಗ್ರಿಯನ್ನು ಮೀರಿ, ಮಾತು ತೊದಲಿ, ಬುದ್ಧಿ ಭ್ರಮಿಸಿದರೆ ಅದು ಬಿಸಿಲಾಘಾತ; ಅದರಿಂದ ಪ್ರಾಣವೇ ಹೋಗಬಹುದು. ಮೈ ಬೆವರುತ್ತಿರುವುದರಿಂದ ಭಯವಿಲ್ಲವೆಂದು ತಿಳಿಯತಕ್ಕದ್ದಲ್ಲ. ದುಡಿಯುತ್ತಿರುವಾಗ ಬಿಸಿಲಾಘಾತವಾದವರು ಬೆವರುತ್ತಲೇ ಇರುವುದುಂಟು. ಅಂಥವರನ್ನು ಒಡನೆಯೇ ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆಲ್ಲಾ ನೀರು ಸುರಿದು ಗಾಳಿ ಬೀಸಬೇಕು; ಕತ್ತು, ಕಂಕುಳು, ತೊಡೆಸಂದುಗಳಲ್ಲಿ ತಣ್ಣನೆಯ ಒದ್ದೆಬಟ್ಟೆ ಇಡಬೇಕು. ೧೦೮ ಸಂಖ್ಯೆಗೆ ಕರೆ ಮಾಡಿ ಆಸ್ಪತ್ರೆಗೆ ಕಳುಹಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಕೂಡದು. ಜ್ವರದ ಮಾತ್ರೆಯಿಂದ ಈ ಶಾಖವು ಇಳಿಯುವುದಿಲ್ಲ.

ಬಿಸಿಲಿನಲ್ಲಿ ದುಡಿಯುವವರಿಗೆ ಗಂಟೆಗೆ ಮುಕ್ಕಾಲು ಲೀಟರಿನಷ್ಟು ನೀರು ಬೇಕು. ಬಾಯಾರುವುದನ್ನು ಕಾಯದೆ ಆಗಾಗ ಸ್ವಲ್ಪ ಸ್ವಲ್ಪ ಕುಡಿಯಬೇಕು. ಉಪ್ಪು ಬೆರೆಸಿದ ನೀರುಮಜ್ಜಿಗೆ, ರಾಗಿ ಅಂಬಲಿ, ನಿಂಬೆಯ ಪಾನಕಗಳು ಉತ್ತಮ. ತೀರ ಬಳಲಿದವರಿಗೆ, ಎಚ್ಚರವಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಮಟ್ಟಸವಾದ ಆರು ಸಣ್ಣ ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಕರಗಿಸಿ ಕೊಡಬಹುದು. ಮದ್ಯವು ದೇಹದ ನೀರನ್ನು ಇನ್ನಷ್ಟು ಕಳೆಯುವುದರಿಂದ ಅದನ್ನು ವರ್ಜಿಸಬೇಕು.

ಇಲ್ಲಿ ಜಮೀನುದಾರರು ಅರಿಯಬೇಕಾದ ಎರಡು ಸಂಗತಿಗಳಿವೆ. ಹೊಲದಲ್ಲಿ ಮರೆಯಾದ ಸ್ಥಳವಿಲ್ಲವೆಂಬ ಸಂಕೋಚದಿಂದ ಹೆಣ್ಣಾಳುಗಳು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದೆ ದುಡಿಯುವುದುಂಟು. ನಾಲ್ಕು ಗಳುಗಳನ್ನೂ ಒಂದು ತಟ್ಟಿಯನ್ನೂ ಕಟ್ಟಿದರೆ ಈ ಕಷ್ಟವು ಪರಿಹಾರವಾಗುವುದು. ಎರಡನೆಯದು, ಕಬ್ಬು ಕಡಿಯುವವರಂತೆ ಟನ್ನಿನ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ನೆರಳಿನಲ್ಲಿ ಕಳೆದ ಪ್ರತಿ ಗಳಿಗೆಯೂ ಕೂಲಿಯ ನಷ್ಟವೇ. ಅವರಿಗೆ ವಿಶ್ರಾಂತಿಯನ್ನು ಬಾಯಿಮಾತಿನಲ್ಲಿ ಉಪದೇಶಿಸಿದರೆ ಸಾಲದು. ಕೂಲಿಯ ಲೆಕ್ಕದಲ್ಲಿಯೇ ಅದಕ್ಕೆ ಎಡೆಮಾಡಬೇಕು.

ದನಕರುಗಳು

ನಮ್ಮ ಹಳ್ಳಿಕಾರ್, ಅಮೃತಮಹಲ್ ತಳಿಗಳು ಬಿಸಿಲನ್ನು ಚೆನ್ನಾಗಿ ತಡೆಯುವುವು. ಹಾಲಿಗಾಗಿ ಸಾಕುವ ಮಿಶ್ರತಳಿಯ ಹಸುಗಳಿಗೆ ಆ ಶಕ್ತಿ ಕಡಮೆ, ಬಿಸಿಲು ಏರಿದಂತೆ ಅವು ಮೇವನ್ನು ಬಿಟ್ಟು, ಬಾಯಿ ತೆರೆದು ಏದುವುವು, ಹಾಲು ಇಳಿಯುವುದು, ಗಬ್ಬ ಕಟ್ಟುವುದೂ ಕಷ್ಟವಾಗುವುದು. ಎಮ್ಮೆಯು ಕಪ್ಪು ಚರ್ಮದ್ದಾಗಿ, ಬೆವರಿನ ಗ್ರಂಥಿಗಳೂ ವಿರಳವಾಗಿರುವುದರಿಂದ ಅದಕ್ಕೆ ಹೊಂಡದ ನೀರಾಗಲಿ ಮೈಮೇಲೆ ಸುರಿಯುವ ನೀರಾಗಲಿ ಅಗತ್ಯ. ಕೋಳಿಗಳಿಗೆ ಬೆವರೇ ಇಲ್ಲದ ಕಾರಣ ಒಂದೇ ಮಧ್ಯಾಹ್ನದಲ್ಲಿ ಮನೆಯ ಕೋಳಿಗಳೆಲ್ಲವೂ ಸಾಯುವ ಸಂಭವವುಂಟು.

ಹಾಲು ಕರೆಯುವ ದೊಡ್ಡ ಹಸುವು ಬೇಸಗೆಯಲ್ಲಿ ದಿನಕ್ಕೆ ೧೦೦ ಲೀಟರಿನವರೆಗೂ ನೀರು ಕುಡಿಯಬಲ್ಲದು. ನೀರನ್ನು ದಿನಕ್ಕೆ ಎರಡು ವೇಳೆ ತೋರಿಸುವ ಬದಲು ಎಡೆಬಿಡದೆ ಎದುರಿಗಿಡಬೇಕು. ಮೇವನ್ನು ಬೆಳಗಿನ ಜಾವದಲ್ಲಿಯೂ ರಾತ್ರಿಯಲ್ಲಿಯೂ ಹಾಕಬೇಕು. ತಗಡಿನ ಕೊಟ್ಟಿಗೆಯ ಮೇಲೆ ತೆಂಗಿನ ಗರಿ ಅಥವಾ ಹುಲ್ಲನ್ನು ಹೊದಿಸಬೇಕು. ಅದಾಗದಿದ್ದರೆ ಸುಣ್ಣವನ್ನಾದರೂ ಬಳಿಯಬೇಕು. ಬಿಸಿಲಿಗೆ ಬಾಡಿ ಕುಂಠಿತವಾದ ಎಳೆ ಜೋಳದಲ್ಲಿ ವಿಷವು ಹೆಚ್ಚುವುದರಿಂದ, ಅಂಥ ಹೊಲಕ್ಕೆ ದನಗಳನ್ನು ಬಿಡಲೇಕೂಡದು.

ಬೆಳೆಗಳು

ಬೆಳೆಗೆ ಹೂವಿನ ಕಾಲವೂ ಕಾಳು ತುಂಬುವ ಕಾಲವೂ ಅತ್ಯಂತ ಸೂಕ್ಷ್ಮವಾದುವು. ೨೦೨೨ನೆಯ ಮಾರ್ಚಿನ ಬಿಸಿಲು ಉತ್ತರ ಹಿಂದೂಸ್ಥಾನದ ಗೋಧಿಗೆ ಈ ಕಾಲದಲ್ಲಿಯೇ ತಗುಲಿ, ಕಾಳು ತುಂಬುವ ಮುನ್ನ ತೆನೆ ಬಲಿತುಹೋಯಿತು. ೧೧ ಕೋಟಿ ಟನ್ನನ್ನು ಮೀರುವುದೆಂದು ಎಣಿಸಿದ್ದ ಆ ವರ್ಷದ ಫಸಲು ೧೦ ಕೋಟಿ ೭೭ ಲಕ್ಷ ಟನ್ನಿಗೆ ನಿಂತಿತು; ಸರ್ಕಾರವು ಮೇ ತಿಂಗಳಲ್ಲಿ ಗೋಧಿಯ ರಫ್ತನ್ನು ನಿಲ್ಲಿಸಿತು. ಅದೇ ಬಿಸಿಲು ಮೇ ತಿಂಗಳಲ್ಲಿ ಬಂದಿದ್ದರೆ ಗೋಧಿಯು ಕಣಜ ಸೇರಿರುತ್ತಿತ್ತು.

ಬತ್ತವು ಹೂ ಬಿಡುವಾಗ ಉಷ್ಣತೆಯು ೩೫ ಡಿಗ್ರಿಯನ್ನು ಮೀರಿದರೆ ಜೊಳ್ಳು ಹೆಚ್ಚುವುದು. ರಾತ್ರಿಯ ಬಿಸಿಯೂ ಕಡಮೆ ಹಾನಿಯದಲ್ಲ. ಫಿಲಿಪೀನ್ಸ್ ದೇಶದಲ್ಲಿರುವ ಅಂತರರಾಷ್ಟ್ರೀಯ ಬತ್ತದ ಸಂಶೋಧನ ಸಂಸ್ಥೆಯವರು ೧೯೯೨ರಿಂದ ೨೦೦೩ರವರೆಗಿನ ಇಳುವರಿಯನ್ನು ಪರಿಶೀಲಿಸಿ, ಒಣಹವೆಯ ಋತುವಿನಲ್ಲಿ ರಾತ್ರಿಯ ಕನಿಷ್ಠ ಉಷ್ಣತೆಯು ೧ ಡಿಗ್ರಿ ಏರಿದರೆ ಇಳುವರಿಯು ಶೇಕಡ ೧೦ರಷ್ಟು ಇಳಿಯುವುದೆಂದು ೨೦೦೪ರಲ್ಲಿ ಪ್ರಕಟಿಸಿದರು. ತುಂಗಭದ್ರಾ, ಭದ್ರಾ ಅಚ್ಚುಕಟ್ಟುಗಳಲ್ಲಿ ಬೇಸಗೆ ಬತ್ತ ಬೆಳೆಯುವವರು ನಾಟಿಯನ್ನು ತಡಮಾಡಕೂಡದೆಂಬುದಕ್ಕೆ ಇದೇ ಕಾರಣ. ಹಿಂಗಾರಿನ ಜೋಳ, ಕಡಲೆ, ಗೋಧಿಗಳನ್ನೂ ಸಕಾಲದಲ್ಲಿ ಬಿತ್ತಿ, ಬಿಸಿಲೇರುವ ಮುನ್ನ ಕಾಳು ತುಂಬುವಂತೆ ನೋಡಿಕೊಳ್ಳತಕ್ಕದ್ದು.

ಟೊಮೇಟೊ ಗಿಡವು ಅತಿ ಬಿಸಿಲಿನಲ್ಲಿ ಹೂವನ್ನು ಉದುರಿಸುವುದು. ತರಕಾರಿ ಪಾತಿಗಳಿಗೆ ಹುಲ್ಲು, ಕಬ್ಬಿನ ತರಗು ಮೊದಲಾದುವನ್ನು ಹೊದಿಸಿ, ನೀರನ್ನು ಸಂಜೆ ಅಥವಾ ಬೆಳಗಿನ ಜಾವ ಹಾಯಿಸುವುದು ಮೇಲು. ಎಳೆಯ ಅಡಿಕೆ ಮರಗಳ ಕಾಂಡಕ್ಕೆ ಪಡುವಣ ಬಿಸಿಲು ತಾಗಿ ಸೀಳದಂತೆ ಸುಣ್ಣ ಬಳಿಯಬೇಕು ಅಥವಾ ಸೋಗೆ ಕಟ್ಟಬೇಕು. ಹಣ್ಣಾಗುವ ಮುಂಚಿನ ಜ್ವರಗಳಲ್ಲಿರುವ ರೇಷ್ಮೆ ಹುಳುಗಳಿಗೆ ೨೪–೨೫ ಡಿಗ್ರಿಯ ಶಾಖವು ಹಿತವಾದುದರಿಂದ, ಹುಳುಮನೆಯ ಕಿಟಕಿಗಳಿಗೆ ಒದ್ದೆ ಗೋಣಿಯನ್ನು ಇಳಿಬಿಟ್ಟು, ಸೊಪ್ಪನ್ನು ತಂಪುಹೊತ್ತಿನಲ್ಲಿಯೇ ಕೊಯ್ದು ತರಬೇಕು.

ನೆಲ, ನೀರು, ಮರ

ಅಕಾಲದ ಬಿಸಿಲು ಕೆರೆಯ ನೀರನ್ನು ಬೇಗ ಹೀರುವುದು. ಕಾಡಿನ ತರಗೆಲೆಯನ್ನು ಬೇಗ ಒಣಗಿಸುವುದು. ೨೦೧೯ನೆಯ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆಗಳಷ್ಟು ಸುಟ್ಟುಹೋದುದನ್ನು ಓದುಗರು ಮರೆತಿರಲಾರರು. ಕಾಡಂಚಿನ ಹೊಲಗಳಲ್ಲಿ ಕೂಳೆಗೆ ಬೆಂಕಿ ಇಡುವ ಪದ್ಧತಿಯನ್ನು ಬಿಡಲೇಬೇಕು. ಅದೇ ಕೂಳೆಯು ನೆಲಕ್ಕೆ ಹೊದಿಕೆಯಾದರೆ ತೇವವನ್ನು ಉಳಿಸುವುದು.

ಹಳೆಯ ಮೈಸೂರು ಸೀಮೆಯ ಊರುಗಳಿಗೆ ಹಿರಿಯರು ಬಿಟ್ಟುಹೋದ ಗುಂಡುತೋಪುಗಳು ದಾರಿಹೋಕರಿಗೂ ದನಗಳಿಗೂ ನೆರಳಾಗಿದ್ದುವು. ಅವುಗಳಲ್ಲಿ ಹಲವು ಒತ್ತುವರಿಯಾಗಿ ಹೋಗಿರುವುವು. ಉಳಿದಿರುವ ತೋಪುಗಳನ್ನು ಕಾಪಾಡಿ, ಬದುಗಳ ಮೇಲೆ ಹೊಂಗೆ, ಬೇವು, ಹುಣಸೆಗಳನ್ನು ನೆಡಿಸಿ, ಬೇಸಗೆಯಲ್ಲಿ ಕೆರೆಯ ಹೂಳನ್ನು ತೆಗೆಸುವುದು ಮುಖಂಡರ ಮುಖ್ಯ ಕರ್ತವ್ಯಗಳಲ್ಲೊಂದು.

ಗ್ರಾಮಸ್ಥರು ಮಾಡತಕ್ಕ ಏರ್ಪಾಡು

ಏರ್ಪಾಡಿನಿಂದ ಪ್ರಾಣಗಳು ಉಳಿಯುವುವೆಂಬುದಕ್ಕೆ ನಿದರ್ಶನಗಳುಂಟು. ಒಡಿಶಾ ಸೀಮೆಯಲ್ಲಿ ೧೯೯೮ರ ಬಿಸಿಲಿಗೆ ೨,೦೪೨ ಮಂದಿ ಬಲಿಯಾದರು. ಆಮೇಲೆ ಅಲ್ಲಿನ ಸರ್ಕಾರದವರು ನಡುಹಗಲಿನ ಕೆಲಸವನ್ನು ನಿಲ್ಲಿಸಿ, ಅರವಟ್ಟಿಗೆಗಳನ್ನಿಡಿಸಿ, ಜನರಿಗೆ ಮುನ್ನೆಚ್ಚರಿಕೆ ಕೊಡಲಾರಂಭಿಸಿದರು. ಅಷ್ಟು ದೊಡ್ಡ ಸಾವು ಅಲ್ಲಿ ಮರುಕಳಿಸಲಿಲ್ಲ. ಅಹಮದಾಬಾದಿನಲ್ಲಿ ೨೦೧೦ನೆಯ ಮೇ ತಿಂಗಳಲ್ಲಿ ಉಷ್ಣತೆಯು ೪೬.೮ ಡಿಗ್ರಿಗೆ ಏರಿ, ಆ ತಿಂಗಳು ವಾಡಿಕೆಗಿಂತ ೧,೩೪೪ ಮಂದಿ ಹೆಚ್ಚಾಗಿ ಮೃತರಾದರು. ೨೦೧೩ರಲ್ಲಿ ಆ ನಗರದವರು ಇದಕ್ಕಾಗಿಯೇ ಒಂದು ಯೋಜನೆಯನ್ನು ಜಾರಿಗೆ ತಂದರು. ಆ ಬಳಿಕ ಬಿಸಿಲಿನ ಸಾವುಗಳು ತಗ್ಗಿದುವು.

ಮೈದಾನ ಸೀಮೆಯಲ್ಲಿ ಉಷ್ಣತೆಯು ೪೦ ಡಿಗ್ರಿಯನ್ನು ಮುಟ್ಟಿ, ವಾಡಿಕೆಗಿಂತ ೪.೫ ಡಿಗ್ರಿಯಷ್ಟು ಮೇಲೇರಿದಾಗ ಹವಾಮಾನ ಇಲಾಖೆಯವರು ಶಾಖದ ಅಲೆ ಎಂದು ಸಾರುವರು. ಆದರೆ ಫೆಬ್ರವರಿಯ ೩೬ ಡಿಗ್ರಿಯು ಈ ಲೆಕ್ಕಕ್ಕೆ ಸೇರದೆಯೂ ಹಾನಿ ಮಾಡಬಲ್ಲುದು. ಆದುದರಿಂದ ಪ್ರಕಟಣೆಯನ್ನೇ ಕಾಯದೆ ಶಿವರಾತ್ರಿಗೆ ಮುಂಚೆಯೇ ಗ್ರಾಮದ ಸಭೆ ಸೇರಿಸಿ ಈ ಕೆಳಗಿನ ವಿಷಯಗಳನ್ನು ಗೊತ್ತುಮಾಡುವುದು ಯುಕ್ತ.

೧. ಬಿಸಿಲು ಏರಿದ ದಿನದಿಂದ ಹೊಲದ ಕೆಲಸವು ಬೆಳಗ್ಗೆ ೬ಕ್ಕೆ ಆರಂಭವಾಗಿ ೧೧ಕ್ಕೆ ನಿಲ್ಲಬೇಕು; ಉಳಿದುದು ಸಂಜೆ ೪ರ ಮೇಲೆ ನಡೆಯಬೇಕು. ಮೊದಲ ವಾರದಲ್ಲಿ ಕೆಲಸದ ಪ್ರಮಾಣವನ್ನು ಕಡಮೆ ಮಾಡಬೇಕು.

೨. ಹೀಗೆ ಹೊತ್ತು ಬದಲಾಯಿಸಿದುದಕ್ಕಾಗಿ ಕೂಲಿಯನ್ನು ಕಡಿಯಕೂಡದು. ಕೂಲಿ ಕಡಿದರೆ ಬಡವರು ಬಿಸಿಲಿನಲ್ಲಿಯೇ ದುಡಿಯಲು ತಾವಾಗಿಯೇ ಬರುವರು. ಆಗ ನಿಯಮವು ಕಾಗದದಲ್ಲಿ ಮಾತ್ರ ಉಳಿಯುವುದು.

೩. ಕೆಲಸ ನಡೆಯುವ ಪ್ರತಿಯೊಂದು ಹೊಲದಲ್ಲಿಯೂ ನೆರಳಿನ ಚಪ್ಪರ, ಕುಡಿಯುವ ನೀರು, ಹೆಂಗಸರಿಗೆ ಮರೆಯಾದ ಸ್ಥಳ ಇರಬೇಕು.

೪. ಒಂಟಿಯಾಗಿರುವ ವೃದ್ಧರನ್ನೂ ಗರ್ಭಿಣಿಯರನ್ನೂ ಮಕ್ಕಳನ್ನೂ ವಿಚಾರಿಸಿಕೊಳ್ಳಲು ಬೀದಿಗೊಬ್ಬರನ್ನು ನೇಮಿಸಬೇಕು.

೫. ಊರಿನ ದನಗಳಿಗೆ ನೀರಿನ ತೊಟ್ಟಿಗಳನ್ನು ತುಂಬಿಸುವ ಹೊಣೆಯನ್ನು ಹೆಸರು ಹೇಳಿ ಒಪ್ಪಿಸಬೇಕು.

ಇವುಗಳಲ್ಲಿ ಯಾವುದೂ ಹೆಚ್ಚು ಹಣದ ಕೆಲಸವಲ್ಲ. ಹೊತ್ತನ್ನು ಬದಲಾಯಿಸುವ ಅಧಿಕಾರವು ಕೂಲಿಯವರಿಗಿಲ್ಲ, ಕೂಲಿ ಕೊಡುವವರಿಗುಂಟು. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಮೊದಲು ತಮ್ಮ ತಮ್ಮ ಹೊಲಗಳಲ್ಲಿ ಈ ಪದ್ಧತಿಯನ್ನು ನಡೆಸಿ, ನೆರೆಯವರಿಗೆ ಮೇಲ್ಪಂಕ್ತಿ ಹಾಕಿಕೊಡಬೇಕೆಂದು ಕೋರುತ್ತೇವೆ. ಬೆಳೆ, ಬಿತ್ತನೆಗಳ ವಿಷಯದಲ್ಲಿ ಬೇಕಾದ ಸಲಹೆಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಪಡೆಯಬಹುದು.