ಎಕರೆ, ಗುಂಟೆ ಮತ್ತು ಎಐ ಏಜೆಂಟ್

ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗದೆ, ಬೇರೆ ತಂತ್ರಾಂಶಗಳನ್ನು ತಾನೇ ಬಳಸಿ ಕೆಲಸ ಮುಗಿಸಿಕೊಡುವ ವ್ಯವಸ್ಥೆಗೆ ಎಐ ಏಜೆಂಟ್ ಎನ್ನುತ್ತಾರೆ. ಅದು ಬಳಸುವ ತಂತ್ರಾಂಶಗಳೇ ಅದರ ಟೂಲ್‌ಗಳು. ಟೂಲ್‌ನ ಒಳಗಿನ ಕೋಡ್ ಸಾಮಾನ್ಯವಾಗಿ ಏಜೆಂಟ್‌ಗೆ ಕಾಣುವುದಿಲ್ಲ. ಅದರ ಮುಂದಿರುವುದು ಟೂಲ್‌ನ ಹೆಸರು, ನಾಲ್ಕಾರು ಸಾಲಿನ ವಿವರಣೆ, ಕೊಡಬೇಕಾದ ಮಾಹಿತಿಯ ಪಟ್ಟಿ, ಇಷ್ಟೇ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಇವನ್ನು ಒಂದೇ ಮಾದರಿಯಲ್ಲಿ ಒದಗಿಸುವ ದಾರಿ ಹಾಕಿಕೊಟ್ಟಿತು. ಆದರೆ ಮಾದರಿ ಬಂದ ಮಾತ್ರಕ್ಕೆ ಬರವಣಿಗೆ ಸ್ಪಷ್ಟವಾಗುವುದಿಲ್ಲ. ಬರೆಯದೆ ಬಿಟ್ಟದ್ದನ್ನು ಏಜೆಂಟ್ ಊಹಿಸಿಕೊಳ್ಳುತ್ತದೆ. ಊಹೆ ತಪ್ಪಿದರೂ ಉತ್ತರ ಅಷ್ಟೇ ಖಚಿತ ಧಾಟಿಯಲ್ಲಿ ಬರುತ್ತದೆ.

ಒಂದು ಉದಾಹರಣೆ ನೋಡೋಣ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಒಂದು ಹೊಲದ ಪಹಣಿಯನ್ನು, ಅಂದರೆ ಭೂ ದಾಖಲೆಯನ್ನು, ಏಜೆಂಟ್ ಮೂಲಕ ನೋಡಬೇಕು ಎಂದಿಟ್ಟುಕೊಳ್ಳಬಹುದು. ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ಎರಡು ದಶಕ ದಾಟಿದೆ. ಆನ್‌ಲೈನ್‌ನಲ್ಲಿ ಪಹಣಿ ನೋಡಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ನಂಬರ್ ಎಲ್ಲವನ್ನೂ ಆರಿಸಬೇಕು. ಸರ್ವೆ ನಂಬರಿನ ಜೊತೆಗೆ ಬರುವ ಸರ್ನೋಕ್ ಎಂಬ ಈ ಜಾಗದಲ್ಲಿ ಎಷ್ಟೋ ಸಲ ಬರೀ ಒಂದು ನಕ್ಷತ್ರ ಚಿಹ್ನೆ ಇರುತ್ತದೆ. ಕಂದಾಯ ಇಲಾಖೆಯವರಿಗೆ ಅದು ದಿನನಿತ್ಯದ ಸಂಗತಿ. ಕಂಪ್ಯೂಟರ್ ಲೋಕದಲ್ಲಿ ಅದೇ ಚಿಹ್ನೆಗೆ ‘ಎಲ್ಲವೂ’ ಎಂಬ ಅರ್ಥವಿದೆ. ವಿವರಣೆಯಲ್ಲಿ ತಿಳಿಸದಿದ್ದರೆ ಏಜೆಂಟ್ ಯಾವುದನ್ನು ನಂಬಬೇಕು?

ಇದಕ್ಕಿಂತ ದೊಡ್ಡ ತೊಡಕು ವಿಸ್ತೀರ್ಣದ್ದು. ಪಹಣಿಯಲ್ಲಿ 2.20 ಎಂದಿದ್ದರೆ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಚುಕ್ಕೆಯ ಎಡಕ್ಕೆ ಎಕರೆ, ಬಲಕ್ಕೆ ಗುಂಟೆ. 40 ಗುಂಟೆಗೆ 1 ಎಕರೆ. ಒಂದು ಹೊಲ 2.20, ಇನ್ನೊಂದು 1.30 ಇದ್ದರೆ ಒಟ್ಟು 4 ಎಕರೆ 10 ಗುಂಟೆ ಎಂದು ಊರಿನ ಯಾವ ರೈತನಾದರೂ ಬಾಯಿಲೆಕ್ಕದಲ್ಲೇ ಹೇಳುತ್ತಾನೆ. ಚುಕ್ಕೆಯನ್ನು ದಶಮಾಂಶವೆಂದು ಓದಿದ ಏಜೆಂಟ್ ಮೂರೂವರೆ ಎಕರೆ ಎನ್ನುತ್ತದೆ. ಮುಕ್ಕಾಲು ಎಕರೆ ಲೆಕ್ಕದಿಂದಲೇ ಹಾರಿಹೋಯಿತು! ಇಲ್ಲಿ ಕೋಡ್‌ನಲ್ಲಿ ದೋಷವಿಲ್ಲ, ದತ್ತಾಂಶವೂ ಸರಿಯಾಗಿದೆ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ಬರೆದಿಡಲಿಲ್ಲ, ಅಷ್ಟೇ.

‘ಭೂ ದಾಖಲೆ ಕೊಡುತ್ತದೆ’ ಎಂಬ ಒಂದೇ ಸಾಲು ಟೂಲ್‌ಗೆ ಸಾಲದು. ಬರೆಯಬೇಕಾದದ್ದು ಹೀಗೆ: ‘ಒಂದು ಸರ್ವೆ ನಂಬರಿನ ಚಾಲ್ತಿ ಪಹಣಿಯನ್ನು ಓದಲು ಮಾತ್ರ. ಬಳಕೆದಾರರು ಪಹಣಿ, ಉತಾರ, ಆರ್‌ಟಿಸಿ ಎಂದು ಕೇಳಿದಾಗ ಬಳಸಿ. ಹಿಸ್ಸಾ ನಂಬರ್ ಗೊತ್ತಿಲ್ಲದಿದ್ದರೆ ಊಹಿಸಬೇಡಿ, ಕೇಳಿ. ವಿಸ್ತೀರ್ಣ ಎಕರೆ-ಗುಂಟೆಯಲ್ಲಿದೆ, ದಶಮಾಂಶವಲ್ಲ.’ ಉತಾರ ಎಂಬ ಪದ ಅಲ್ಲಿರಲೇಬೇಕು, ಏಕೆಂದರೆ ಉತ್ತರ ಕರ್ನಾಟಕದ ರೈತರು ಕೇಳುವುದೇ ಹಾಗೆ.

ಪೇಟೆ ಧಾರಣೆಯ ಟೂಲ್‌ಗೂ ಇದೇ ಮಾತು ಅನ್ವಯ. ಕೇಂದ್ರ ಸರ್ಕಾರ ಪ್ರಕಟಿಸುವ ದೈನಿಕ ಮಾರುಕಟ್ಟೆ ದರಗಳಲ್ಲಿ ಕನಿಷ್ಠ, ಗರಿಷ್ಠ, ಮೋಡಲ್ ಎಂಬ ಮೂರು ಬೆಲೆಗಳಿರುತ್ತವೆ, ಎಲ್ಲವೂ ಕ್ವಿಂಟಲ್ ಲೆಕ್ಕದಲ್ಲಿ. ಮೋಡಲ್ ಎಂದರೆ ಹೆಚ್ಚು ವಹಿವಾಟು ನಡೆದ ದರ. ಕನಿಷ್ಠ ಗರಿಷ್ಠಗಳ ಸರಾಸರಿಯಲ್ಲ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂಬ ತಳಿಗಳಿದ್ದು, ತಳಿ ಹೇಳದೆ ದರ ಕೇಳಿದರೆ ಉತ್ತರಕ್ಕೆ ಅರ್ಥವಿಲ್ಲ. 05/03/2025 ಎಂಬುದು ಮಾರ್ಚ್ 5, ಅಮೆರಿಕದ ರೂಢಿಯಂತೆ ಮೇ 3 ಅಲ್ಲ ಎಂಬುದನ್ನೂ ಬರೆಯಬೇಕು. ಪೇಟೆಗೆ ರಜೆಯಿದ್ದ ದಿನ ಖಾಲಿ ಪಟ್ಟಿ ಬಂದರೆ ‘ಈ ದಿನದ ದರ ದಾಖಲಾಗಿಲ್ಲ’ ಎಂದು ಟೂಲ್ ಹೇಳಬೇಕು. ಇಲ್ಲದಿದ್ದರೆ ದರ ಸೊನ್ನೆಗೆ ಇಳಿಯಿತು ಎಂಬ ಅರ್ಥವೂ ಹುಟ್ಟಬಹುದು.

ದೋಷ ಸಂದೇಶವೂ ವಿವರಣೆಯ ಭಾಗವೇ. ‘ಏನೋ ತಪ್ಪಾಗಿದೆ’ ಎಂದರೆ ಏಜೆಂಟ್ ಅದೇ ಕೋರಿಕೆಯನ್ನು ಮತ್ತೆ ಮತ್ತೆ ಕಳಿಸೀತು. ‘ಈ ಸರ್ವೆ ನಂಬರಿಗೆ 1, 2, 3 ಹಿಸ್ಸಾಗಳಿವೆ, ಒಂದನ್ನು ಆರಿಸಿ’ ಎಂದರೆ ಮುಂದಿನ ಹೆಜ್ಜೆ ತಾನಾಗಿಯೇ ಸಿಗುತ್ತದೆ. ಓದುವ ಟೂಲ್ ಯಾವುದು, ದಾಖಲೆಯನ್ನು ಬದಲಿಸುವ ಟೂಲ್ ಯಾವುದು ಎಂಬುದನ್ನಂತೂ ಮೊದಲ ಸಾಲಿನಲ್ಲೇ ಹೇಳಬೇಕು. ಹಕ್ಕು ಬದಲಾವಣೆಯ ಅರ್ಜಿಯಂಥದ್ದನ್ನು ಮಾಲೀಕರ ಒಪ್ಪಿಗೆಯಿಲ್ಲದೆ ಯಾವ ಏಜೆಂಟೂ ಸಲ್ಲಿಸಕೂಡದು. ವಿವರಣೆಯಲ್ಲಿ ಹಾಗೆ ಬರೆದರಷ್ಟೇ ಸಾಲದು, ತಂತ್ರಾಂಶವೇ ಅದನ್ನು ತಡೆಯಬೇಕು.

ಹಾಗೆಂದು ಪುಟಗಟ್ಟಲೆ ಬರೆದರೂ ಕೆಲಸ ಕೆಡುತ್ತದೆ. ಏಜೆಂಟ್ ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳುವ ಪಠ್ಯಕ್ಕೆ ಮಿತಿಯಿದೆ, ಉದ್ದದ ವಿವರಣೆಯಲ್ಲಿ ಮುಖ್ಯ ಎಚ್ಚರಿಕೆಯೇ ಮುಳುಗಿಹೋದೀತು. ಬರೆದಾದ ಮೇಲೆ ರೈತರು ನಿಜವಾಗಿ ಕೇಳುವ ಪ್ರಶ್ನೆಗಳನ್ನೇ ಏಜೆಂಟ್‌ಗೆ ಕೇಳಿ, ಅದು ಎಡವಿದ ಸಾಲನ್ನು ತಿದ್ದಬೇಕು.

ಈ ಬರವಣಿಗೆಯನ್ನು ಸಾಫ್ಟ್‌ವೇರ್ ತಂಡವೊಂದಕ್ಕೇ ಬಿಡುವುದು ಸರಿಯಲ್ಲ. ಕರ್ನಾಟಕದ ದಾಖಲೆಗಳಿಗೆ ಟೂಲ್ ಮಾಡುವವರು ಗ್ರಾಮ ಆಡಳಿತಾಧಿಕಾರಿಗೆ, ಭೂಮಾಪಕರಿಗೆ, ಎಪಿಎಂಸಿ ಸಿಬ್ಬಂದಿಗೆ ಆ ವಿವರಣೆಯನ್ನು ಕನ್ನಡದಲ್ಲೇ ಓದಿಸಿ, ಅವರು ಒಪ್ಪಿದ ಮೇಲೆ ಬಳಕೆಗೆ ಬಿಡಲಿ.