ದಿಗಂತದ ಕೆಳಗೆ ಒಂದು ಡಿಗ್ರಿ: ನೆಲ್ಸನ್ನಿನ ಡಿಶ್‌ನಲ್ಲಿ ಚಂದನ ಬರುತ್ತಾ?

ಈ ಸಂಚಿಕೆ ಹುಟ್ಟಿದ್ದು ಒಂದು ಧ್ವನಿ ಸಂದೇಶದಿಂದ. ಕಳಿಸಿದವರು ನ್ಯೂಜಿಲೆಂಡಿನ ನೆಲ್ಸನ್‌ನಲ್ಲಿದ್ದಾರೆ. ದಕ್ಷಿಣ ದ್ವೀಪದ ಉತ್ತರ ಭಾಗದಲ್ಲಿ, ಟಾಸ್ಮನ್ ಕೊಲ್ಲಿಯ ದಡದಲ್ಲಿರುವ ಊರು ಅದು. ಅವರ ಅಮ್ಮ ತಿಪಟೂರಿನಿಂದ ಆರು ತಿಂಗಳಿಗೆ ಅಂತ ಬರ್ತಿದ್ದಾರಂತೆ. "ನಮ್ಮ ಬಾಡಿಗೆ ಮನೆ ಮೇಲೆ ಯಾರೋ ಬಿಟ್ಟುಹೋದ ಹಳೇ ಡಿಶ್ ಇದೆ ಸರ್. ಅಮ್ಮನಿಗೆ ಚಂದನದಲ್ಲಿ ‘ಥಟ್ ಅಂತ ಹೇಳಿ’ ನೋಡದಿದ್ರೆ ದಿನ ಮುಗಿದ ಹಾಗೇ ಆಗಲ್ಲ. ಡಿಶ್ ತಿರುಗಿಸಿದ್ರೆ ಚಂದನ ಸಿಗುತ್ತಾ? ಊರಿನ ಸೆಟ್ ಟಾಪ್ ಬಾಕ್ಸನ್ನ ಅಮ್ಮನ ಕೈಲೇ ತರಿಸಲಾ?"

ಬಾಕ್ಸ್ ತರಿಸಬೇಡಿ, ಆ ಜಾಗದಲ್ಲಿ ಒಂದಿಷ್ಟು ಹಪ್ಪಳ ತರಿಸಿ ಅಂತ ಒಂದೇ ಮಾತಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಲೆಕ್ಕ ಹಾಕಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ಚಂದನ ಅವರ ಕೈತಪ್ಪಿದ್ದು ತೀರಾ ಸ್ವಲ್ಪದರಲ್ಲಿ.

ಮೊದಲು ಚಂದನ ಎಲ್ಲಿಂದ ಬರುತ್ತೆ ನೋಡೋಣ. ತಿಪಟೂರಿನ ಮನೆಯಲ್ಲಿ ದೂರದರ್ಶನದ ಫ್ರೀ ಡಿಶ್ ಇದೆ ಅಂದುಕೊಳ್ಳಿ. ಆ ಡಿಶ್ ನೋಡುತ್ತಿರುವುದು ಜಿಸ್ಯಾಟ್-15 ಉಪಗ್ರಹವನ್ನ. 2015ರ ನವೆಂಬರಿನಲ್ಲಿ ಹಾರಿದ್ದು. ಇಸ್ರೋದ ಇಂಥ ಉಪಗ್ರಹಗಳನ್ನು ನಿಯಂತ್ರಿಸುವ ಮುಖ್ಯ ಕೇಂದ್ರ ಇರುವುದು ನಮ್ಮ ಹಾಸನದಲ್ಲೇ, 1982ರಿಂದ. ಉಪಗ್ರಹ ಇರುವುದು ಸಮಭಾಜಕ ವೃತ್ತದ ಮೇಲೆ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, 35,786 ಕಿಲೋಮೀಟರ್ ಎತ್ತರದಲ್ಲಿ. ಆ ಎತ್ತರದಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಲು ಬೇಕಾಗುವ ಹೊತ್ತು, ಭೂಮಿ ತನ್ನ ಸುತ್ತ ತಾನು ತಿರುಗಲು ಬೇಕಾಗುವ ಹೊತ್ತು, ಎರಡೂ ಒಂದೇ. ಹಾಗಾಗಿ ಕೆಳಗಿನಿಂದ ನೋಡಿದವರಿಗೆ ಅದು ಆಕಾಶದಲ್ಲಿ ಮೊಳೆ ಹೊಡೆದ ಹಾಗೆ ನಿಂತಿರುತ್ತೆ. ಡಿಶ್ ಒಂದು ಸಲ ತಿರುಗಿಸಿ ಬೋಲ್ಟ್ ಬಿಗಿದರೆ ಕೆಲಸ ಮುಗೀತು. ಬೆಂಗಳೂರಿನಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ 66 ಡಿಗ್ರಿ ಮೇಲಿದೆ. ಅಂದ್ರೆ ಹೆಚ್ಚೂಕಡಿಮೆ ನೆತ್ತಿಯ ಹತ್ತಿರ.

ಈಗ ನೆಲ್ಸನ್‌ಗೆ ಹೋಗೋಣ. ಅಕ್ಷಾಂಶ ದಕ್ಷಿಣ 41 ಡಿಗ್ರಿ ಚಿಲ್ಲರೆ, ರೇಖಾಂಶ ಪೂರ್ವ 173 ಡಿಗ್ರಿ ಚಿಲ್ಲರೆ. ಭೂಮಿ ಗುಂಡಗಿದೆಯಲ್ಲ, ಹಾಗಾಗಿ ಅಷ್ಟು ಎತ್ತರದ ಉಪಗ್ರಹಕ್ಕೂ ಅರ್ಧ ಭೂಮಿ ಪೂರ್ತಿ ಕಾಣುವುದಿಲ್ಲ. ತನ್ನ ನೇರ ಕೆಳಗಿನ ಬಿಂದುವಿನಿಂದ 81.3 ಡಿಗ್ರಿವರೆಗೆ, ಅಂದರೆ ನೆಲದ ಮೇಲೆ ಸುಮಾರು 9,040 ಕಿಲೋಮೀಟರ್ ದೂರದವರೆಗೆ ಮಾತ್ರ ಕಾಣುತ್ತೆ. ಅದರಾಚೆ ಇರುವವರಿಗೆ ಭೂಮಿಯ ಉಬ್ಬೇ ಅಡ್ಡ. ಜಿಸ್ಯಾಟ್-15ರ ಕೆಳಗಿನ ಬಿಂದು ಸುಮಾತ್ರಾದ ಪಶ್ಚಿಮಕ್ಕೆ, ಹಿಂದೂ ಮಹಾಸಾಗರದಲ್ಲಿ ಬೀಳುತ್ತೆ. ಅಲ್ಲಿಂದ ನೆಲ್ಸನ್‌ಗೆ ಸುಮಾರು 9,160 ಕಿಲೋಮೀಟರ್.

ನೂರಿಪ್ಪತ್ತು ಕಿಲೋಮೀಟರ್! ತಿಪಟೂರಿನಿಂದ ಬೆಂಗಳೂರಿಗೆ ಹೋಗುವುದಕ್ಕಿಂತ ಕಮ್ಮಿ. ನೆಲ್ಸನ್‌ನಲ್ಲಿ ನಿಂತವರಿಗೆ ಜಿಸ್ಯಾಟ್-15 ಹೆಚ್ಚೂಕಡಿಮೆ ನೇರ ಪಶ್ಚಿಮಕ್ಕೆ, ದಿಗಂತದಿಂದ ಒಂದೇ ಒಂದು ಡಿಗ್ರಿ ಕೆಳಗಿದೆ. ಎರಡು ಹುಣ್ಣಿಮೆ ಚಂದ್ರರನ್ನು ಒಂದರ ಕೆಳಗೊಂದು ಇಟ್ಟಷ್ಟು. ವಾತಾವರಣ ಕಿರಣಗಳನ್ನು ಬಗ್ಗಿಸಿ ಮುಳುಗಿದ ಸೂರ್ಯನನ್ನೂ ಸ್ವಲ್ಪ ಹೊತ್ತು ಮೇಲೆತ್ತಿ ತೋರಿಸುತ್ತೆ ಅಂತ ಶಾಲೆಯಲ್ಲಿ ಓದಿದ್ದೇವೆ. ಆ ಉಪಕಾರವೂ ಸುಮಾರು ಅರ್ಧ ಡಿಗ್ರಿಯದು, ಇಲ್ಲಿಗೆ ಸಾಲದು. ಕಾರು ಹತ್ತಿ ಪಶ್ಚಿಮ ಕರಾವಳಿಯ ವೆಸ್ಟ್‌ಪೋರ್ಟ್‌ಗೆ ಹೋದರೆ ಉಪಗ್ರಹ ಹೆಚ್ಚೂಕಡಿಮೆ ಸಮುದ್ರದ ಅಂಚಿನ ಮೇಲೇ ಕೂತಿರುತ್ತೆ.

ಹಾಗಂತ ಡಿಶ್ ಕಿತ್ತುಕೊಂಡು ವೆಸ್ಟ್‌ಪೋರ್ಟ್‌ಗೆ ಹೊರಡಬೇಡಿ. ಉಪಗ್ರಹ ಕಾಣುವುದು ಬೇರೆ, ಅದರ ಬೆಳಕು ನಮ್ಮ ಮೇಲೆ ಬೀಳುವುದು ಬೇರೆ. ಬೆಳಕು ಅಂದೆ, ನಿಜಕ್ಕೂ ಟಾರ್ಚಿನ ಬೆಳಕಿನ ಹಾಗೇನೇ ಅದು. ಫ್ರೀ ಡಿಶ್‌ನ ಕಿರಣವನ್ನು ಭಾರತದ ಮೇಲೆ ಬೀಳುವಂತೆ ತಿದ್ದಿ ಬಿಟ್ಟಿರುತ್ತಾರೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಇದೇ ಉಪಗ್ರಹ ದಿಗಂತದಿಂದ 45 ಡಿಗ್ರಿ ಮೇಲಿದೆ, ಆದರೂ ಟಾರ್ಚ್ ಆ ಕಡೆ ತಿರುಗಿಲ್ಲ. ಸಣ್ಣ ಡಿಶ್ ಇಟ್ಟುಕೊಂಡವರಿಗೆ ಈ ಎರಡನೇ ತೊಡಕೇ ದೊಡ್ಡದು.

ಯಾಕೆ ದೊಡ್ಡದು ಅಂದರೆ, ಡಿಶ್ ಎಷ್ಟು ಸಣ್ಣದಿರಬಹುದು ಅನ್ನುವುದನ್ನು ಮೇಲಿನ ಟಾರ್ಚೇ ತೀರ್ಮಾನಿಸುತ್ತೆ. ನ್ಯೂಜಿಲೆಂಡಿನಲ್ಲಿ 1971ರಲ್ಲಿ, ಆಕ್ಲೆಂಡಿನ ಉತ್ತರಕ್ಕೆ ವಾರ್ಕ್‌ವರ್ತ್‌ನಲ್ಲಿ ಉಪಗ್ರಹ ಕೇಂದ್ರ ಶುರುವಾದಾಗ ಅದರ ಡಿಶ್ 30 ಮೀಟರ್ ಅಗಲ ಇತ್ತು. ಆಗಿನ ಉಪಗ್ರಹಗಳ ದನಿ ಅಷ್ಟು ಕ್ಷೀಣ. ಅದಾಗಿ ನಾಲ್ಕೇ ವರ್ಷಕ್ಕೆ, 1975ರ ಆಗಸ್ಟ್ 1ರಿಂದ ಒಂದು ವರ್ಷ, ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ 3 ಮೀಟರ್ ಡಿಶ್‌ನಲ್ಲಿ ಕನ್ನಡ ಕಾರ್ಯಕ್ರಮ ನೋಡಿದರು. ಅದು ‘ಸೈಟ್’ ಪ್ರಯೋಗ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು, ನಾಸಾದಿಂದ ಎರವಲು ತಂದ ಎಟಿಎಸ್-6 ಉಪಗ್ರಹ. ಉಪಗ್ರಹವೇ 9 ಮೀಟರ್ ಅಗಲದ ಛತ್ರಿ ಬಿಚ್ಚಿಕೊಂಡು ಮೇಲೆ ನಿಂತಿದ್ದರಿಂದ ಕೆಳಗೆ 3 ಮೀಟರ್ ಸಾಕಾಯಿತು.

ಇನ್ನೊಂದು ಸ್ವಾರಸ್ಯ ನೋಡಿ. ಆ ಹಳ್ಳಿ ಡಿಶ್‌ಗಳನ್ನು ಮಾಡಿದ್ದು ಕೋಳಿಗೂಡಿಗೆ ಕಟ್ಟುವ ತಂತಿ ಜಾಲರಿಯಿಂದ! ಎಟಿಎಸ್-6ರ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಅಷ್ಟು ಉದ್ದದ ಅಲೆಗೆ ಜಾಲರಿಯ ತೂತು ತೂತೇ ಅಲ್ಲ, ಗೋಡೆ. ನಂತರ ಬಂದ ಸಿ ಬ್ಯಾಂಡ್‌ನ ಅಲೆ 7.5 ಸೆಂಟಿಮೀಟರ್. 90ರ ದಶಕದಲ್ಲಿ ಕೇಬಲ್‌ನವರ ಮನೆ ಮಾಳಿಗೆ ಮೇಲೆ ಆನೆಗಾತ್ರದ ಡಿಶ್ ನೋಡಿರ್ತೀರಿ, ಅದರ ಜಾಲರಿ ಸಣ್ಣ ಕಣ್ಣಿನದು. ಈಗಿನ ಮನೆ ಡಿಶ್‌ಗಳದ್ದು ಕೆಯು ಬ್ಯಾಂಡ್, ಅಲೆ ಎರಡೂವರೆ ಸೆಂಟಿಮೀಟರ್ ಆಸುಪಾಸು. ಅದಕ್ಕೇ ಇವು ಇಡೀ ತಗಡಿನವು. ಅಲೆ ಚಿಕ್ಕದಾದಷ್ಟೂ ಚಿಕ್ಕ ಡಿಶ್‌ಗೂ ಮೊನಚಾದ ನೋಟ ಬರುತ್ತೆ. 75 ಸೆಂಟಿಮೀಟರ್ ತಗಡು ಆಕಾಶದಲ್ಲಿ ಸುಮಾರು ಎರಡು ಡಿಗ್ರಿ ಅಗಲವನ್ನಷ್ಟೇ ನೋಡುತ್ತೆ.

ಹಾಗಾದ್ರೆ ನೆಲ್ಸನ್ನಿನ ಆ ಹಳೇ ಡಿಶ್ ಏನನ್ನ ನೋಡ್ತಿದೆ? ಬಹುಶಃ 160 ಡಿಗ್ರಿ ಪೂರ್ವದ ಸ್ಥಾನವನ್ನ. 2006ರಲ್ಲಿ ಹಾರಿದ ಆಪ್ಟಸ್ ಡಿ1 ಬಹುಕಾಲ ಅಲ್ಲಿ ನಿಂತು ಆ ದೇಶದ ಮನೆಮನೆಗೆ ಟಿವಿ ಕೊಟ್ಟಿತು. ಅದು ನೆಲ್ಸನ್‌ಗೆ ಉತ್ತರ ದಿಕ್ಕಿನಲ್ಲಿ, ಸ್ವಲ್ಪ ಪಶ್ಚಿಮಕ್ಕೆ ವಾಲಿ, 40 ಡಿಗ್ರಿ ಎತ್ತರದಲ್ಲಿದೆ. ನಮ್ಮ ಊರಲ್ಲಿ ಡಿಶ್ ದಕ್ಷಿಣಕ್ಕೆ ಮುಖ ಮಾಡಿದರೆ ಅಲ್ಲಿ ಉತ್ತರಕ್ಕೆ. ಅಮ್ಮನಿಗೆ ಇದು ವಿಚಿತ್ರ ಅನ್ನಿಸಬಹುದು. ಮಧ್ಯಾಹ್ನದ ಸೂರ್ಯನೂ ಉತ್ತರಕ್ಕಿರುವುದನ್ನು ನೋಡಿದ ಮೇಲೆ ಡಿಶ್ ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ.

ಪಕ್ಕದಲ್ಲೇ, 152 ಡಿಗ್ರಿಯಲ್ಲಿ, ಆಪ್ಟಸ್ ಡಿ2 ಇತ್ತು. ವಲಸೆ ಬಂದವರ ಹಲವು ಭಾಷೆಗಳ ವಿದೇಶಿ ವಾಹಿನಿಗಳು ದುಡ್ಡಿಲ್ಲದೆ ಸಿಗುತ್ತವೆ ಅಂತ ಹವ್ಯಾಸಿಗಳು ಡಿಶ್ ತಿರುಗಿಸುತ್ತಿದ್ದುದು ಆ ಕಡೆಗೆ. ಮೇಲೆ 8 ಡಿಗ್ರಿ ಅಂತರವಾದರೂ ನೆಲ್ಸನ್‌ನಲ್ಲಿ ಡಿಶ್ ಅನ್ನು ಪಶ್ಚಿಮಕ್ಕೆ 11 ಡಿಗ್ರಿ ತಿರುಗಿಸಿ, 3 ಡಿಗ್ರಿ ಕೆಳಗಿಳಿಸಬೇಕು. ಮೊಬೈಲ್ ದಿಕ್ಸೂಚಿ ಹಿಡಿದು ತಿರುಗಿಸುವವರು ಇಲ್ಲೇ ಸೋಲುವುದು. ಬೆಂಗಳೂರಿನಲ್ಲಿ ಸೂಜಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿ ವ್ಯತ್ಯಾಸ, ಲೆಕ್ಕಕ್ಕಿಲ್ಲ. ನೆಲ್ಸನ್‌ನಲ್ಲಿ ಸೂಜಿ ಸುಮಾರು 22 ಡಿಗ್ರಿ ಪೂರ್ವಕ್ಕೆ ತಿರುಗಿ ನಿಲ್ಲುತ್ತೆ. ಎರಡು ಡಿಗ್ರಿ ನೋಟದ ಡಿಶ್‌ಗೆ 22 ಡಿಗ್ರಿ ತಪ್ಪು! ಮೊಬೈಲ್ ಸೆಟ್ಟಿಂಗ್‌ನಲ್ಲಿ ‘ನಿಜ ಉತ್ತರ’ ಆರಿಸಿಕೊಳ್ಳಿ. ಇನ್ನೊಂದು ಮೋಸ, ತಗಡಿನ ಓರೆಯದು. ಎಲ್‌ಎನ್‌ಬಿ ನಡುವಿಗೆ ಅಡ್ಡ ಬರದ ಹಾಗೆ ಈ ಡಿಶ್‌ಗಳನ್ನು ಓರೆ ನೋಟದವಾಗಿ ಮಾಡಿರುತ್ತಾರೆ. 40 ಡಿಗ್ರಿ ಮೇಲಕ್ಕೆ ನೋಡುತ್ತಿರುವ ಡಿಶ್ ಕೂಡ ಪಕ್ಕದ ಮನೆ ಕಾಂಪೌಂಡ್ ನೋಡುತ್ತಿರುವ ಹಾಗೆ ಕಾಣುತ್ತೆ. ಕೆಳಗೆ ಬಗ್ಗಿದೆ ಅಂತ ಎತ್ತಲು ಹೋಗಬೇಡಿ, ಕಂಬದ ಹತ್ತಿರ ಇರುವ ಅಳತೆ ಗುರುತನ್ನೇ ನಂಬಿ.

ಭಾರತೀಯ ವಾಹಿನಿಗಳಿಗೆ ಬೇರೆ ದಾರಿಯೇ ಇಲ್ಲವೇ? ತಾತ್ವಿಕವಾಗಿ ಇದೆ. 1991ರಲ್ಲಿ ಸ್ಟಾರ್ ಟಿವಿ, 1992ರಲ್ಲಿ ಝೀ ಟಿವಿ ನಮ್ಮ ಕೇಬಲ್‌ಗೆ ಬಂದದ್ದು 105.5 ಡಿಗ್ರಿಯ ಏಷ್ಯಾಸ್ಯಾಟ್-1ರಿಂದ. ಆ ಸ್ಥಾನ ನೆಲ್ಸನ್‌ಗೆ ದಿಗಂತದಿಂದ 8 ಡಿಗ್ರಿ ಮೇಲೆ ಕಾಣುತ್ತೆ. ಆದರೆ ಅದು ಸಿ ಬ್ಯಾಂಡ್. ಎರಡೂವರೆ, ಮೂರು ಮೀಟರ್ ಡಿಶ್ ಬೇಕು, ಕೊಲ್ಲಿಯಾಚೆಯ ಬೆಟ್ಟಸಾಲಿನ ಕಡೆ ಮರ, ಮನೆ ಯಾವುದೂ ಅಡ್ಡ ಇರಬಾರದು, ಬಂದ ವಾಹಿನಿಗೆ ಬೀಗ ಹಾಕಿರಲೂಬಾರದು. ಬಾಡಿಗೆ ಮನೆಯವರಿಗೆ ಹೇಳುವ ಮಾತಲ್ಲ ಇದು.

ಹಾಗಾಗಿ ಸರ್, ನಿಮ್ಮ ಅಮ್ಮನಿಗೆ ಚಂದನ ತೋರಿಸುವ ಕೆಲಸ ಇಂಟರ್ನೆಟ್‌ನದೇ. ಡಿಶ್ ಬಿಚ್ಚಬೇಡಿ, ಸ್ಥಳೀಯ ವಾಹಿನಿಗಳಿಗಾದರೂ ಇರಲಿ. ಏಪ್ರಿಲ್ ಮೊದಲ ವಾರ, ಯುಗಾದಿಯ ಆಸುಪಾಸು, ಮಧ್ಯಾಹ್ನ ಊಟದ ಹೊತ್ತಿಗೆ ಕೆಲವು ನಿಮಿಷ ಚಿತ್ರ ಕೆಟ್ಟರೆ ಗಾಬರಿ ಬೇಡ. ಆಗ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ನಿಲ್ಲುತ್ತಾನೆ, ಅವನ ಗದ್ದಲದಲ್ಲಿ ಉಪಗ್ರಹದ ದನಿ ಕೇಳುವುದಿಲ್ಲ. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಇನ್ನೊಮ್ಮೆ ಹೀಗೇ ಆಗುತ್ತೆ.

ಅಮ್ಮ ‘ನಮ್ಮೂರ ಉಪಗ್ರಹ ಎಲ್ಲಪ್ಪಾ’ ಅಂತ ಕೇಳಿದರೆ, ಸಂಜೆ ಪಶ್ಚಿಮಕ್ಕೆ ನಿಲ್ಲಿಸಿ, ಕೈ ಪೂರ್ತಿ ಚಾಚಿ ಕಿರುಬೆರಳನ್ನು ಅಡ್ಡ ಹಿಡಿಯಲು ಹೇಳಿ. ಆ ಬೆರಳಿನ ದಪ್ಪ ಸುಮಾರು ಒಂದು ಡಿಗ್ರಿ. ದಿಗಂತದ ಗೆರೆಯಿಂದ ಅಷ್ಟೇ ಕೆಳಗೆ ಇದೆ ಅದು. ಅಂದಹಾಗೆ, ನಮ್ಮ ರಾತ್ರಿ ಒಂಬತ್ತು ಅಂದರೆ ನೆಲ್ಸನ್ನಿನ ಚಳಿಗಾಲದಲ್ಲಿ ಬೆಳಗಿನ ಜಾವ ಮೂರೂವರೆ. ಸಿಗ್ನಲ್ ಸಿಕ್ಕಿದ್ದರೂ ಅಮ್ಮನ ಜೊತೆ ಎದ್ದು ಕೂರಬೇಕಾಗುತ್ತಿದ್ದವರು ನೀವೇ.